ಬೊಮ್ಮಜ್ಜನ ದಾರಿಯ ಮಲ್ಲಿಗೆ

ನದಿಯ ದಂಡೆಯಲ್ಲಿ ಗೌರಮ್ಮ ತಾಯಿಯ ಆಶ್ರಮವಿತ್ತು. ಆಶ್ರಮವೆಂದರೆ ಒಂದು ಮನೆ, ಒಂದು ಅಂಗಳ, ಅಂಗಳದ ಮುಂದೆ ದುಂಡುಮಲ್ಲಿಗೆಯ ಬೇಲಿ.

ಬೇಲಿಯ ಆರೈಕೆ ಶಿಷ್ಯ ಚೆಲುವಯ್ಯನದು. ಅವನು ಹೂವಾಡಿಗರ ಮನೆಯವನು. ಕಣ್ಣು ಮುಚ್ಚಿಕೊಂಡೇ ಯಾವ ಹೂವೆಂದು ಹೇಳಬಲ್ಲವನು.

ಆ ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು. ಆದರೆ ಮೂಗಿಗೆ ಯಾವ ವಾಸನೆಯೂ ತಿಳಿಯದಂತಾಯಿತು.

ಚೆಲುವಯ್ಯ ಯಾರಿಗೂ ಹೇಳಲಿಲ್ಲ. ಬೆಳಗಾದರೆ ಬೇಲಿಗೆ ಓಡುತ್ತಿದ್ದ. ಹೂವಿಗೆ ಮೂಗು ಒತ್ತಿ ಉಸಿರೆಳೆದುಕೊಳ್ಳುತ್ತಿದ್ದ. ಏನೂ ಇಲ್ಲ. ಗೊಬ್ಬರ ಹಾಕಿದ, ಮತ್ತೆ ಮೂಸಿದ. ರೆಂಬೆ ಸವರಿದ, ಮತ್ತೆ ಮೂಸಿದ. ಧ್ಯಾನಕ್ಕೆ ಕುಳಿತರೆ ಮನಸ್ಸು ಎದ್ದು ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು.

“ಅಮ್ಮಾ, ಈ ಗಿಡಗಳಿಗೆ ವಯಸ್ಸಾಯಿತು. ಘಮವೇ ಇಲ್ಲ,” ಎಂದ ಒಂದು ದಿನ.

ತಾಯಿ ಅಕ್ಕಿ ಆರಿಸುತ್ತಿದ್ದರು. “ಹೌದೇನು?”

“ಕಿತ್ತು ರಾತ್ರಿರಾಣಿ ಹಾಕಲೇ? ಅದರ ಘಮ ಜೋರು.”

“ಬೇಲಿ ನಿನಗೆ ಒಪ್ಪಿಸಿದ್ದೇನಲ್ಲ.”

ಅವನು ಊಟಕ್ಕೂ ಕಾಯಲಿಲ್ಲ. ಮಲ್ಲಿಗೆಯ ಸಾಲನ್ನೆಲ್ಲ ಬೇರುಸಹಿತ ಅಗೆದು ಹಿತ್ತಲಿಗೆ ಎಸೆದ. ಆ ಜಾಗದಲ್ಲಿ ರಾತ್ರಿರಾಣಿಯ ಕಡ್ಡಿ ನೆಟ್ಟ.

ಊರಿನಲ್ಲಿ ಬೊಮ್ಮಜ್ಜ ಎಂಬ ಮುದುಕನಿದ್ದ. ಕಣ್ಣು ಕಾಣದು. ದಿನವೂ ಸಂಜೆ ಒಬ್ಬನೇ ಕೋಲೂರಿಕೊಂಡು ಭಜನೆಗೆ ಬರುತ್ತಿದ್ದ. ಅಂದು ಬರಲಿಲ್ಲ. ನದಿಯ ಕಡೆಯಿಂದ ಕೂಗು ಕೇಳಿತು.

ಚೆಲುವಯ್ಯ ಓಡಿದ. ಅಜ್ಜ ಆಶ್ರಮ ದಾಟಿ ಮುಂದೆ ಹೋಗಿ, ದಂಡೆಯಿಂದ ಜಾರಿ, ಸೊಂಟದವರೆಗಿನ ನೀರಿನಲ್ಲಿ ಮರದ ಬೇರು ಹಿಡಿದು ನಿಂತಿದ್ದ.

“ಮಲ್ಲಿಗೆ ಎಲ್ಲಿ ಹೋಯಿತಪ್ಪಾ?” ಅಜ್ಜನ ಹಲ್ಲು ಕಟಕಟ ಎನ್ನುತ್ತಿತ್ತು. “ಘಮ ಬಂದ ಕಡೆ ತಿರುಗುತ್ತಿದ್ದೆ. ಇವತ್ತು ಬರಲೇ ಇಲ್ಲ.”

ಅಜ್ಜನನ್ನು ಒಲೆಯ ಮುಂದೆ ಕೂರಿಸಿ, ಗಾಯಕ್ಕೆ ಅರಿಶಿನ ಹಚ್ಚಿದ ಮೇಲೆ ತಾಯಿ ಶಿಷ್ಯನತ್ತ ತಿರುಗಿದರು.

“ಯಾಕೆ ಕಿತ್ತೆ?”

“ಘಮ ಇರಲಿಲ್ಲ, ಅಮ್ಮಾ.”

“ಯಾರಿಗೆ?”

ಚೆಲುವಯ್ಯನ ತಲೆ ತಗ್ಗಿತು. “ನನಗೆ. ಜ್ವರ ಬಂದಾಗಿನಿಂದ ಏನೂ ತಿಳಿಯುತ್ತಿಲ್ಲ. ಹೂವಾಡಿಗರ ಮಗ... ಹೇಗೆ ಹೇಳಲಿ?”

ತಾಯಿ ಮೂಲೆಯಲ್ಲಿದ್ದ ಗುದ್ದಲಿ ತಂದು ಅವನ ಕೈಗಿಟ್ಟರು.

ಎಸೆದ ಗಿಡಗಳ ಬೇರು ಇನ್ನೂ ಒಣಗಿರಲಿಲ್ಲ. ರಾತ್ರಿರಾಣಿಯ ಕಡ್ಡಿ ಕಿತ್ತು ಅವನ್ನೇ ಮತ್ತೆ ನೆಟ್ಟ. ಎಲೆಗಳೆಲ್ಲ ಉದುರಿದವು. ಕೆಲವು ಸತ್ತವು. ಉಳಿದವುಗಳ ಸುತ್ತ ಅವನು ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದ. ಸಂಜೆಯಾದರೆ ಊರಿಗೆ ಹೋಗಿ ಬೊಮ್ಮಜ್ಜನ ಕೈ ಹಿಡಿದು ಕರೆತರುತ್ತಿದ್ದ. ದಾರಿಯುದ್ದಕ್ಕೂ ಅಜ್ಜ ಮಾತಾಡುತ್ತಿದ್ದ.

ಮಳೆ ಕಳೆಯಿತು, ಚಳಿ ಕಳೆಯಿತು. ಯುಗಾದಿಯ ಮೇಲೆ ಗಿಡಗಳು ಮೊಗ್ಗು ಬಿಟ್ಟವು.

ಒಂದು ಸಂಜೆ ಬೊಮ್ಮಜ್ಜ ದಾರಿಯ ನಡುವೆ ತಟ್ಟನೆ ನಿಂತ. ಮುಖ ಎತ್ತಿದ.

“ಕೈ ಬಿಡಪ್ಪ,” ಎಂದ. “ಇನ್ನು ನಾನೇ ಹೋಗುತ್ತೇನೆ.”

ಕೋಲೂರಿಕೊಂಡು ನೆಟ್ಟಗೆ ನಡೆದು, ಬೇಲಿಯ ಸಂದಿನಲ್ಲಿ ಸರಿಯಾಗಿ ತಿರುಗಿ ಒಳಗೆ ಹೋದ.

ಚೆಲುವಯ್ಯ ಬೇಲಿಯ ಬಳಿ ಕುಸಿದು ಕುಳಿತ. ಹೂವೊಂದನ್ನು ಕಿತ್ತು ಮೂಗಿಗೆ ಹಿಡಿದ. ಏನೂ ಇಲ್ಲ. ಎದ್ದ, ಕುಳಿತ, ಮತ್ತೆ ಎದ್ದ. ಕೊನೆಗೆ ಭಜನೆ ಮುಗಿಯುವುದನ್ನೂ ಕಾಯದೆ ತಾಯಿಯ ಮುಂದೆ ಹೋಗಿ ನಿಂತ.

“ಅಜ್ಜನಿಗೆ ದಾರಿ ಸಿಕ್ಕಿತು, ಅಮ್ಮಾ. ನನಗೆ ಇವತ್ತಿಗೂ ಒಂದಿಷ್ಟೂ ಘಮವಿಲ್ಲ. ಬೇಲಿಯನ್ನು ಬೇರೆ ಯಾರಿಗಾದರೂ ಒಪ್ಪಿಸಿ. ಮೂಗಿಲ್ಲದವನಿಗೆ ಮಲ್ಲಿಗೆಯ ಕೆಲಸ ಯಾಕೆ?”

ತಾಯಿ ಅವನ ಕೈಯಲ್ಲಿದ್ದ ಹೂವನ್ನು ತೆಗೆದುಕೊಂಡರು. ದೀಪದ ಹತ್ತಿರ ಹಿಡಿದು, ಎಸಳೆಸಳಾಗಿ ತಿರುಗಿಸಿ ನೋಡಿದರು. ಆಮೇಲೆ ಅವನ ಅಂಗೈಯಲ್ಲೇ ಇಟ್ಟರು.

“ಇದರ ಮೂಗು ಎಲ್ಲಿದೆ, ತೋರಿಸು ಚೆಲುವಾ.”