ಬಿಸಿಲು ಕೇಳಿ ಪಡೆದ ನರಿ

ಒಂದು ಕಾಡಿನಲ್ಲಿ ವಿಶ್ವವಿದ್ಯಾಲಯವಿತ್ತು. ನಗಬೇಡಿ, ಹಾಸ್ಟೆಲ್ಲೂ ಇತ್ತು. ಅಲ್ಲಿ ಓದುತ್ತಿದ್ದ ಮುಂಗುಸಿ ತನ್ನ ಗೆಳೆಯರ ಜೊತೆ ಸೇರಿ ಬಿಸಿಲಿನಿಂದ ಓಡುವ ಕಾರೊಂದನ್ನು ಕಟ್ಟಿತ್ತು. ಚಪ್ಪಟೆ ಕಾರು, ಬೆನ್ನ ತುಂಬ ಸೋಲಾರ್ ಹಲಗೆ, ಹೊಟ್ಟೆಯಲ್ಲೊಂದು ಬ್ಯಾಟರಿ. ನೋಡಿದವರೆಲ್ಲ, "ಇದರ ಮೇಲೆ ಹಪ್ಪಳ ಒಣಹಾಕಬಹುದಾ?" ಎಂದು ಕೇಳುತ್ತಿದ್ದರು.

ಕಾಡಿನಿಂದ ದೂರದ ದೊಡ್ಡ ಕೆರೆಯವರೆಗೆ ವರ್ಷಕ್ಕೊಮ್ಮೆ ಇಂಥ ಕಾರುಗಳ ಓಟ ನಡೆಯುತ್ತಿತ್ತು. ಹಿಂದಿನ ವರ್ಷ ಮುಂಗುಸಿಯ ಕಾರು ಅರ್ಧ ದಾರಿಯಲ್ಲೇ ನಿಂತಿತ್ತು. ಹಾಗಾಗಿ ಕುಲಪತಿ ಆನೆ ಮೊದಲೇ ಹೇಳಿಬಿಟ್ಟಿತು:

"ಈ ಸಲವೂ ಕತ್ತಲಾಗೋದರೊಳಗೆ ಕೆರೆ ಮುಟ್ಟದಿದ್ದರೆ ಹಲಗೆಗಳನ್ನೆಲ್ಲ ಬಿಚ್ಚಿಸಿ ಹಾಸ್ಟೆಲ್ ದೀಪಕ್ಕೆ ಹಾಕಿಸ್ತೀನಿ. ಆಮೇಲೆ ಅಳಬೇಡ."

"ಮುಟ್ಟಿಸ್ತೀನಿ ಸಾರ್," ಎಂದಿತು ಮುಂಗುಸಿ.

ಆ ವರ್ಷ ಬಂದದ್ದು ಎರಡೇ ಕಾರು. ಇನ್ನೊಂದು ಗುಡ್ಡದಾಚೆಯ ವಿಶ್ವವಿದ್ಯಾಲಯದ್ದು. ಅದನ್ನು ಓಡಿಸುತ್ತಿದ್ದದ್ದು ನರಿ.

ಬೆಳಿಗ್ಗೆ ಓಟ ಶುರುವಾಗಿ, ದಾರಿಯ ಗುಡ್ಡ ಹತ್ತುವಷ್ಟರಲ್ಲಿ ಎರಡೂ ಬ್ಯಾಟರಿ ಬರಿದಾದವು. ಗುಡ್ಡದ ನೆತ್ತಿಯಲ್ಲೊಂದು ಆಲದ ಮರ, ಅದರ ಬುಡದಲ್ಲಿ ತೀರ್ಪುಗಾರ ಕರಡಿ. ಕರಡಿ ಉಂಡು ಮಲಗಿ ಏಳುವವರೆಗೆ ಕಾರುಗಳು ಅಲ್ಲಿ ನಿಂತು ಬಿಸಿಲು ತುಂಬಿಸಿಕೊಳ್ಳಬೇಕು. ಮರದ ಎರಡೂ ಪಕ್ಕ ಸುಣ್ಣದ ಗೆರೆ ಎಳೆದು ಜಾಗ ಗುರುತಿಸಿದ್ದರು. ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ. ಮರದ ಪಶ್ಚಿಮಕ್ಕೆ ನೆರಳು, ಪೂರ್ವಕ್ಕೆ ಬಿಸಿಲು. ಮೊದಲು ಬಂದ ಮುಂಗುಸಿ ಬಿಸಿಲಿನ ಜಾಗ ಹಿಡಿಯಿತು.

ಹಿಂದೆ ಬಂದ ನರಿಗೆ ಉಳಿದದ್ದು ನೆರಳು. ಅದು ಒಂದು ದೊಡ್ಡ ಹಲಸಿನ ಹಣ್ಣು, ಒಂದು ಕುಡಿಕೆ ಜೇನು ತಂದು ಕರಡಿಯ ಮುಂದಿಟ್ಟಿತು.

"ತಿನ್ನಿ ಅಜ್ಜ. ಆ ಪುಟ್ಟ ಮುಂಗುಸಿಯ ಮೂತಿ ನೋಡಿ, ಬಿಸಿಲಿಗೆ ಸುಟ್ಟ ಬದನೆಕಾಯಿ ಆಗಿದೆ. ನನ್ನ ನೆರಳು ಅದಕ್ಕೆ ಕೊಡಿ. ಬಿಸಿಲು ನನಗಿರಲಿ."

ಕರಡಿಯ ಕಣ್ಣು ತುಂಬಿತು. ಬಾಯಿ ಮೊದಲೇ ತುಂಬಿತ್ತು. "ಎಂಥ ತ್ಯಾಗ!"

"ಅಯ್ಯೋ ಅಜ್ಜ, ನನಗೆ ಬಿಸಿಲೇ ಬೇಕು! ಕಾರು ಓಡೋದೇ ಅದರಿಂದ!" ಎಂದಿತು ಮುಂಗುಸಿ.

"ದೊಡ್ಡವರು ಕೊಟ್ಟಿದ್ದನ್ನ ಬೇಡ ಅನ್ನಬಾರದು ಮರಿ. ಜಾಗ ಬದಲಾಯಿಸು." ಕರಡಿ ಎಷ್ಟೋ ವರ್ಷದಿಂದ ತೀರ್ಪುಗಾರ. ಕಾರು ಏತರಿಂದ ಓಡುತ್ತದೆಂದು ಯಾವತ್ತೂ ವಿಚಾರಿಸಿದ್ದಿಲ್ಲ.

ಕಾರುಗಳನ್ನು ತಳ್ಳಿ ಜಾಗ ಬದಲಾಯಿಸಿದ್ದಾಯಿತು. ನರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ನೀವು ಮಲಗಿದಾಗ ಇದು ಸಂಕೋಚಪಟ್ಟು ವಾಪಸ್ ಬಂದರೆ? ನೀವು ಏಳೋವರೆಗೆ ಗಾಲಿ ಅಲ್ಲಾಡಿಸಿದವರು ಓಟದಿಂದ ಹೊರಗೆ ಅಂತ ಹೇಳಿಬಿಡಿ."

"ಹಾಗೇ ಆಗಲಿ. ನನ್ನನ್ನು ಎಬ್ಬಿಸಿದವರೂ ಹೊರಗೆ," ಎಂದ ಕರಡಿ ಹಣ್ಣು ಮುಗಿಸಿ, ಕುಡಿಕೆ ನೆಕ್ಕಿ, ಉರುಳಿಕೊಂಡಿತು.

ಬೇರೆ ವರ್ಷಗಳಲ್ಲಿ ಕರಡಿಯದು ಕೋಳಿನಿದ್ದೆ. ಈ ಸಲ ಹೊಟ್ಟೆಯಲ್ಲಿ ಇಡೀ ಹಲಸು. ಗೊರಕೆಗೆ ಆಲದ ಮರವೇ ಒಂದು ಗೇಣು ವಾಲಿತು ಅನ್ನುತ್ತಾರೆ. ನಂಬದಿದ್ದರೆ ಹೋಗಿ ನೋಡಿ, ಇನ್ನೂ ವಾಲಿಕೊಂಡೇ ಇದೆ.

ನರಿಯೂ ತೂಕಡಿಸಿತು. ಅಷ್ಟರಲ್ಲಿ ಸೂರ್ಯ ನೆತ್ತಿ ದಾಟಿದ. ನೆರಳು ಮೆಲ್ಲಗೆ ಪೂರ್ವಕ್ಕೆ ಜರುಗಿ ನರಿಯ ಕಾರಿನ ಮೇಲೆ ಚಾಪೆ ಹಾಸಿತು. ಮುಂಗುಸಿಯ ಹಲಗೆಗಳ ಮೇಲೆ ಬಿಸಿಲು ಸುರಿಯಿತು.

ಮೈ ತಂಪಾಗಿ ನರಿ ದಡಬಡಿಸಿ ಎದ್ದಿತು. ಕಾರಿಗೆ ಕೈ ಹಚ್ಚಿತು.

"ಗಾಲಿ ಅಲ್ಲಾಡೀತು ನರಿಯಣ್ಣ," ಎಂದಿತು ಮುಂಗುಸಿ.

"ಅಜ್ಜ! ಅಜ್ಜಾ..." ನರಿ ಪಿಸುಗುಟ್ಟಿತು. ಜೋರಾಗಿ ಕೂಗುವ ಹಾಗೂ ಇಲ್ಲ.

ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಕೊನೆಗೆ ಕರಡಿ ಎದ್ದು ಆಕಳಿಸಿತು. ನೆರಳಲ್ಲಿ ನಿಂತ ನರಿಯನ್ನು ನೋಡಿ ಕೈ ಮುಗಿಯಿತು. "ನೋಡಿದೆಯೇನಪ್ಪಾ! ನೀನು ನೆರಳು ಬಿಟ್ಟುಕೊಟ್ಟೆ, ನೆರಳೇ ನಿನ್ನನ್ನು ಹುಡುಕಿಕೊಂಡು ಬಂತು!"

ನರಿಯ ಕಾರು ಇಳಿಜಾರು ಇಳಿದು, ಬಯಲಿನಲ್ಲಿ ಸ್ವಲ್ಪ ದೂರ ತೆವಳಿ ನಿಂತಿತು. ಮುಂಗುಸಿಯ ಕಾರು ಸೂರ್ಯ ಮುಳುಗುವ ಮೊದಲೇ ಕೆರೆ ಮುಟ್ಟಿತು. ಆನೆ ಸುತ್ತ ಬಂದು ನೋಡಿ, "ಮುಂದಿನ ವರ್ಷಕ್ಕೂ ಇದೇ ಕಾರು ಇರಲಿ," ಎಂದಿತು.

ಕತ್ತಲಾದ ಮೇಲೆ ನರಿ ಕಾರು ತಳ್ಳಿಕೊಂಡು ಬಂತು. ದಾರಿಯಲ್ಲಿ ಸಿಕ್ಕ ಮೊಲ, "ಯಾಕಣ್ಣ ತಳ್ತಿದ್ದೀಯ?" ಎಂದು ಕೇಳಿತು.

"ವ್ಯಾಯಾಮ," ಎಂದಿತು ನರಿ.

ನೀತಿ: ಇನ್ನೊಬ್ಬರನ್ನು ಕಟ್ಟಿಹಾಕಲು ಮಾಡಿಸಿದ ನಿಯಮ ನಮ್ಮನ್ನೂ ಕಟ್ಟಿಹಾಕುತ್ತದೆ.