ಬಳೆ ವ್ಯಾಪಾರಿ ತಂದ ಮದ್ದು

"ಗುರುಗಳೇ, ನನ್ನ ಹೆಂಡತಿಗೆ ಏಳು ವರ್ಷದಿಂದ ಕಾಯಿಲೆ. ಎಲ್ಲಿ ಒಳ್ಳೆಯ ಮದ್ದಿದೆ ಎಂದರೂ ಓಡಿದ್ದೇನೆ. ಆದರೂ ಅವಳು ಸೊರಗುತ್ತಲೇ ಇದ್ದಾಳೆ. ನನ್ನಿಂದ ಇನ್ನೇನು ಆಗಬೇಕು?" ಎಂದು ಗೃಹಸ್ಥನಾದ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಳೆ ವ್ಯಾಪಾರಿಯಿದ್ದ. ಅವನ ಹೆಂಡತಿಗೆ ಹೊಟ್ಟೆಯಲ್ಲಿ ಹುಣ್ಣು. ಊರಿನ ವೈದ್ಯ ಚೂರ್ಣ ಕೊಟ್ಟು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಹಸಿದಿರಬಾರದು ಎಂದ. ಮದ್ದು ತರುವುದು ತನ್ನ ಕೆಲಸ, ಪಥ್ಯ ಹೆಂಡತಿಯ ಕೆಲಸ ಎಂದು ವ್ಯಾಪಾರಿ ತನ್ನಷ್ಟಕ್ಕೆ ಹಂಚಿಬಿಟ್ಟ. ಗಂಡ ಉಣ್ಣದೆ ಹೆಂಡತಿ ಉಣ್ಣಬಾರದು ಎನ್ನುವುದು ಆ ಮನೆಯಲ್ಲಿ ಅವನ ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಅದರ ಬಗ್ಗೆ ಯಾರೂ ಯೋಚಿಸಲಿಲ್ಲ.

ನೋವು ಇಳಿಯಲಿಲ್ಲ. ವ್ಯಾಪಾರಿ ಪಕ್ಕದ ಊರಿನ ವೈದ್ಯನ ಬಳಿ ಹೋದ. ಮರಳುವಾಗ ಮಧ್ಯಾಹ್ನ ದಾಟಿತ್ತು. ನೋವು ಹೆಚ್ಚಾಯಿತು. ಇನ್ನೂ ದೂರದ ವೈದ್ಯನನ್ನು ಹುಡುಕಿಕೊಂಡು ಹೋದ. ಮರಳುವಾಗ ಸಂಜೆಯಾಗಿತ್ತು. ಹೆಂಡತಿಗಾಗಿ ಇಷ್ಟು ಸವೆಯುವ ಗಂಡ ಎಲ್ಲಿದ್ದಾನೆ ಎಂದು ಊರವರು ಹೊಗಳಿದರು. ಸುಳ್ಳೇಕೆ, ಅವನಿಗೂ ಅದು ಹಿತವಾಗಿತ್ತು. ಆದರೆ ಹೆಂಡತಿ ಕಡ್ಡಿಯಾಗುತ್ತಿದ್ದಳು. ಇವಳು ಉಳಿಯುವುದಿಲ್ಲವೇನೋ ಎಂಬ ಭಯ ಅವನನ್ನು ಹಿಡಿಯಿತು.

ಕೊನೆಗೆ ಹೊಳೆಯಾಚೆ ಮದ್ದು ಕೊಡುವ ಮುದುಕಿಯೊಬ್ಬಳ ಬಳಿ ಹೋಗಿ, ಇದುವರೆಗೆ ತಂದ ಮದ್ದುಗಳನ್ನೆಲ್ಲ ಹೇಳಿಕೊಂಡ. ಮುದುಕಿ ಕೇಳಿದಳು:

"ಅವಳು ಉಣ್ಣುವುದು ಯಾವಾಗಪ್ಪಾ?"

"ನಾನು ಉಂಡ ಮೇಲೆ, ತಾಯಿ."

"ಇವತ್ತು ನೀನು ಉಂಡೆಯಾ?"

ಹೊತ್ತು ಇಳಿದಿತ್ತು. ವ್ಯಾಪಾರಿ ಮದ್ದು ಕೇಳುವುದನ್ನೂ ಮರೆತು ಮನೆಗೆ ಓಡಿದ. ಹೆಂಡತಿ ಅವನ ತಟ್ಟೆ ತೊಳೆದಿಟ್ಟು, ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಅವಳನ್ನು ಕೂರಿಸಿ ತಾನೇ ಬಡಿಸಿದ. "ನೀವು ಉಣ್ಣದೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ" ಎಂದಳು. ಅವನು ಅದೇ ತಟ್ಟೆಗೆ ಕೈ ಹಾಕಿದ.

ಅಂದಿನಿಂದ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಅವನು ಬಳೆ ಕಟ್ಟಿಟ್ಟು ಮನೆಗೆ ಬರುತ್ತಿದ್ದ. ಬರಲಾಗದ ದಿನ ಕಾಯದೆ ಉಣ್ಣುತ್ತೇನೆಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದ. ಹುಣ್ಣು ಪೂರ್ತಿ ಮಾಯಲಿಲ್ಲ. ಆದರೆ ಊರಿನ ಆ ಹಳೆಯ ಚೂರ್ಣದಲ್ಲೇ ಅವಳು ಬಹುಕಾಲ ಬಾಳಿದಳು.

ಕತೆ ಮುಗಿಯಿತು. ಶಿಷ್ಯ ತಲೆದೂಗಿದ. "ಕಣ್ಣು ತೆರೆಸಿದಿರಿ ಗುರುಗಳೇ. ಈ ವಿಷಯವಾಗಿ ತಾವು ಇನ್ನೂ ನಾಲ್ಕು ಮಾತು ಹೇಳಬೇಕು" ಎಂದು ಕಾಲು ಮಡಿಸಿ ಸರಿಯಾಗಿ ಕುಳಿತ.

ಗುರುಗಳು ಕೇಳಿದರು: "ನೀನು ಮನೆ ಬಿಟ್ಟು ಎಷ್ಟು ಹೊತ್ತಾಯಿತು?"

ಶಿಷ್ಯ ಮಡಿಸಿದ ಕಾಲು ಬಿಡಿಸಿ ಎದ್ದ.