ಮರಕುಟಿಗ ಮೇಷ್ಟರ ಹಾಜರಿ

ಮರಕುಟಿಗ ಮೇಷ್ಟರು ಕೊಂಬೆಯನ್ನು ಟಕಟಕ ಕುಟ್ಟಿಯೇ ಹಾಜರಿ ಕೂಗುವವರು. ಕುಟ್ಟಿದ ಕೂಡಲೇ ಬಸವನಹುಳುವಿನ ಮರಿ ಶಂಭು ಚಿಪ್ಪಿನೊಳಗೆ ಸೇರಿಕೊಂಡ.

“ಏನು ಉದ್ಧಟತನ! ಇವತ್ತೂ ಓಗೊಡದಿದ್ದರೆ ಶಾಲೆಯಿಂದ ಹೆಸರು ತೆಗೆದುಹಾಕುತ್ತೇನೆ,” ಎಂದು ಮೇಷ್ಟರು ಚಿಪ್ಪನ್ನೇ ಕುಟ್ಟಿದರು. ಶಂಭು ಇನ್ನೂ ಒಳಸರಿದ.

“ಸಾರ್, ನೀವು ಬಡಿದಷ್ಟೂ ಅವನು ಚಿಲಕ ಹಾಕ್ಕೋತಾನೆ,” ಎಂದಿತು ಪಕ್ಕದ ಇರುವೆ. “ಆ ಟಕಟಕ ನಮಗೆ ತಾಳ, ಅವನಿಗೆ ಸಿಡಿಲು!”

ಮೇಷ್ಟರಿಗೆ ಸಿಟ್ಟು ಬಂತು. ಆದರೂ ನ್ಯಾಯ ನ್ಯಾಯವೇ. ಕುಟ್ಟುವುದನ್ನು ಬಿಟ್ಟು, “ಶಂಭು,” ಎಂದು ಮೆಲ್ಲಗೆ ಕರೆದು ಕಾದರು. ಒಂದು ಕೊಂಬು ಇಣುಕಿತು. ಅಗೋ, ಇನ್ನೊಂದೂ ಬಂತು!

“ಹಾಜರ್, ಸಾರ್!”

ಇರುವೆಗಳು ಸದ್ದಿಲ್ಲದೆ ಮೀಸೆ ಬೀಸಿ ಕುಣಿದವು. ಮೇಷ್ಟರಿಗೋ ಆನಂದಕ್ಕೆ ಇಡೀ ಮರವನ್ನೇ ಕುಟ್ಟಿಬಿಡುವ ಆಸೆ. ಕೊಕ್ಕನ್ನು ರೆಕ್ಕೆಯಡಿ ತುರುಕಿಕೊಂಡು, ಪುಕ್ಕವೆಲ್ಲ ಅದುರುತ್ತ ನಿಂತರು.